ಆಸ್ತಿ ಮತ್ತು ಕಾನೂನು: ಹೆಸರು ಬದಲಾದ ಮೇಲೆ ಕ್ರಯಪತ್ರ, ಖಾತೆ, ಪಹಣಿ

ಹೆಸರು ಬದಲಿಸಿಕೊಂಡವರು ಆಸ್ತಿ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಆಸ್ತಿಯ ವಿವರಗಳು ಇರುವುದರಿಂದ ಬರೆದವರ ಹೆಸರು, ಊರು, ಸರ್ವೆ ನಂಬರು ಯಾವುದನ್ನೂ ಪ್ರಕಟಿಸಿಲ್ಲ. ಉತ್ತರಗಳು ಕರ್ನಾಟಕದಲ್ಲಿರುವ ಆಸ್ತಿಗಳನ್ನು ಕುರಿತವು.

ಪ್ರಶ್ನೆ: ಮದುವೆಗೆ ಮುಂಚೆ, 2011ರಲ್ಲಿ, ನನ್ನ ಸಂಬಳದ ಉಳಿತಾಯದಿಂದ ನಗರಸಭೆಯ ವ್ಯಾಪ್ತಿಯಲ್ಲಿ ಒಂದು ನಿವೇಶನ ಕೊಂಡಿದ್ದೆ. ಕ್ರಯಪತ್ರವೂ ಖಾತೆಯೂ (ನಗರಸಭೆಯ ಆಸ್ತಿ ದಾಖಲೆ) ತಂದೆಯ ಹೆಸರಿನ ಇನಿಷಿಯಲ್ ಸೇರಿದ ನನ್ನ ಹಳೆಯ ಹೆಸರಿನಲ್ಲಿವೆ. ಮದುವೆಯ ನಂತರ ಗೆಜೆಟ್‌ನಲ್ಲಿ ಪ್ರಕಟಿಸಿ ಹೆಸರು ಬದಲಿಸಿಕೊಂಡೆ. ಆಧಾರ್, ಪ್ಯಾನ್ ಎರಡೂ ಈಗ ಹೊಸ ಹೆಸರಿನಲ್ಲಿವೆ. ನಿವೇಶನ ಮಾರಲು ಹೊರಟಾಗ ಕೊಳ್ಳುವವರು ‘ಕ್ರಯಪತ್ರವೇ ಹೊಸ ಹೆಸರಿಗೆ ಆಗಬೇಕು’ ಎನ್ನುತ್ತಿದ್ದಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿದರೆ ಅದು ಸಾಧ್ಯವಿಲ್ಲ ಎಂದರು. ಪತ್ರಬರಹಗಾರರೊಬ್ಬರು ಹಳೆಯ ಹೆಸರಿನಿಂದ ಹೊಸ ಹೆಸರಿಗೆ ನಾನೇ ಒಂದು ದಾನಪತ್ರ ಮಾಡಿಕೊಂಡರೆ ಸರಿಹೋಗುತ್ತದೆ ಎಂದು ಸಲಹೆ ಕೊಟ್ಟಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಸಬ್‌ರಿಜಿಸ್ಟ್ರಾರ್ ಕಚೇರಿಯವರು ಹೇಳಿದ್ದೇ ಸರಿ. ನೋಂದಣಿಯಾದ ಕ್ರಯಪತ್ರವು ಅದು ಬರೆಯಲ್ಪಟ್ಟ ದಿನದ ಸಂಗತಿಯನ್ನು ದಾಖಲಿಸುತ್ತದೆ. ಆ ದಿನ ನಿಮ್ಮ ಹೆಸರು ಏನಿತ್ತೋ ಅದೇ ಅದರಲ್ಲಿದೆ. ಆದ್ದರಿಂದ ಆ ಪತ್ರದಲ್ಲಿ ತಪ್ಪೇನೂ ಇಲ್ಲ, ತಿದ್ದುವುದಕ್ಕೂ ಏನೂ ಇಲ್ಲ. ನೋಂದಣಿ ಪುಸ್ತಕದಲ್ಲಿ ಸೇರಿಹೋದ ಪತ್ರದಲ್ಲಿ ಪಕ್ಷಕಾರರ ಹೆಸರನ್ನು ಹೊಡೆದು ಬೇರೆ ಹೆಸರು ಬರೆಯುವ ಅಧಿಕಾರ ಯಾವ ಸಬ್‌ರಿಜಿಸ್ಟ್ರಾರ್‌ಗೂ ಇಲ್ಲ.

ದಾನಪತ್ರದ ಸಲಹೆಯನ್ನು ಮಾತ್ರ ದಯವಿಟ್ಟು ಮರೆತುಬಿಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಮಿನ ಪ್ರಕಾರ ದಾನವೆಂದರೆ ಒಬ್ಬ ವ್ಯಕ್ತಿ ಮತ್ತೊಬ್ಬ ವ್ಯಕ್ತಿಗೆ ಸ್ವಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಡುವುದು ಮತ್ತು ಆ ಮತ್ತೊಬ್ಬ ವ್ಯಕ್ತಿ ಅದನ್ನು ಸ್ವೀಕರಿಸುವುದು. ಇಲ್ಲಿ ಕೊಡುವವರೂ ತೆಗೆದುಕೊಳ್ಳುವವರೂ ನೀವೊಬ್ಬರೇ. ಇಂಥ ಪತ್ರ ಹೇಗೋ ನೋಂದಣಿಯಾಗಿಬಿಟ್ಟರೂ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು: ಋಣಭಾರ ಪತ್ರದಲ್ಲಿ (ಆಸ್ತಿಯ ಬಗ್ಗೆ ನೋಂದಣಿಯಾದ ವಹಿವಾಟುಗಳ ಪಟ್ಟಿ, ಇ.ಸಿ.) ಹಳೆಯ ಹೆಸರಿನವರು ಹೊಸ ಹೆಸರಿನವರಿಗೆ ದಾನ ಕೊಟ್ಟಂತೆ ಒಂದು ವಹಿವಾಟು ಕಾಣಿಸಿಕೊಳ್ಳುತ್ತದೆ, ಮುಂದೆ ದಾಖಲೆ ಪರಿಶೀಲಿಸುವ ವಕೀಲರು ‘ಈ ಇಬ್ಬರಿಗೆ ಏನು ಸಂಬಂಧ, ದಾನ ಕೊಟ್ಟವರ ವಾರಸುದಾರರು ಯಾರು’ ಎಂದು ಕೇಳುತ್ತಾರೆ, ಇಲ್ಲದ ಇನ್ನೊಬ್ಬ ಮಾಲೀಕರನ್ನು ನೀವೇ ದುಡ್ಡು ಕೊಟ್ಟು ಸೃಷ್ಟಿಸಿದಂತಾಗುತ್ತದೆ. ಮುದ್ರಾಂಕ ಶುಲ್ಕ ವ್ಯರ್ಥವಾಗುವುದು ಬೇರೆ. ಇಂತಹ ದಾನಪತ್ರವೊಂದನ್ನು ರದ್ದುಪಡಿಸಿಕೊಡಿ ಎಂದು ನನ್ನ ಬಳಿ ಬಂದವರೂ ಇದ್ದಾರೆ. ಆಗದ ದಾನವನ್ನು ಆಗಿಲ್ಲ ಎಂದು ಹೇಳಿಸುವುದಕ್ಕೆ ಪಡಬೇಕಾದ ಪಾಡು ಅವರಿಗೇ ಗೊತ್ತು.

ಹೆಸರು ಬದಲಾವಣೆ ಎಂಬುದು ಹಕ್ಕಿನ ವರ್ಗಾವಣೆಯಲ್ಲ. ಮಾಲೀಕರು ನಿನ್ನೆಯವರೇ, ಕರೆಯುವ ಹೆಸರು ಮಾತ್ರ ಬೇರೆ. ಹಾಗಾಗಿ ನೀವು ಮಾಡಬೇಕಾದದ್ದು ಹೊಸ ಕ್ರಯಪತ್ರವನ್ನಲ್ಲ. ಹಳೆಯ ಹೆಸರಿನವರೂ ಹೊಸ ಹೆಸರಿನವರೂ ಒಬ್ಬರೇ ಎಂದು ಯಾರು ನೋಡಿದರೂ ಒಪ್ಪುವಂತಹ ಕೊಂಡಿ ದಾಖಲೆಗಳನ್ನು ಒಟ್ಟುಮಾಡಿ, ಅವನ್ನು ಕ್ರಯಪತ್ರದ ಜೊತೆಯಲ್ಲೇ ಇಡುವುದು. ಗೆಜೆಟ್ ಪ್ರಕಟಣೆಯ ಪ್ರತಿ, ಅದಕ್ಕೆ ಮುಂಚೆ ಮಾಡಿಸಿದ ಅಫಿಡವಿಟ್, ಪತ್ರಿಕೆಗಳಲ್ಲಿ ಬಂದ ಜಾಹೀರಾತಿನ ಪೂರ್ತಿ ಹಾಳೆ (ಕತ್ತರಿಸಿದ ತುಣುಕಲ್ಲ, ದಿನಾಂಕ ಕಾಣಬೇಕು), ವಿವಾಹ ನೋಂದಣಿ ಪತ್ರ ಇವಿಷ್ಟು ಮೊದಲು. ಅವುಗಳಷ್ಟೇ ಬೆಲೆಯುಳ್ಳವು ನೀವು ಬಹುಶಃ ಮೂಲೆಗೆ ಹಾಕಿರುವ ಹಳೆಯ ಕಾಗದಗಳು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ಹೆಸರಿನ ಪ್ಯಾನ್ ಕಾರ್ಡ್, ಮತದಾರರ ಗುರುತಿನ ಚೀಟಿ, 2011ರಲ್ಲಿ ನಿವೇಶನಕ್ಕೆ ಹಣ ಪಾವತಿಸಿದ ಬ್ಯಾಂಕ್ ಖಾತೆಯ ಪಾಸ್‌ಬುಕ್. ಹೊಸ ಕಾರ್ಡ್ ಬಂದೊಡನೆ ಹಳೆಯದನ್ನು ಕತ್ತರಿಸಿ ಎಸೆಯುವುದು ಬಹಳ ಜನರ ಅಭ್ಯಾಸ. ಎಸೆಯುವ ಮುಂಚೆ ಒಂದು ದೃಢೀಕೃತ ಪ್ರತಿಯನ್ನಾದರೂ ಇಟ್ಟುಕೊಂಡಿದ್ದರೆ ಮುಂದೆ ನೆರವಾಗುತ್ತದೆ. ಪ್ಯಾನ್ ಸಂಖ್ಯೆಯಂತೂ ಹೆಸರು ಬದಲಾದರೂ ಬದಲಾಗುವುದಿಲ್ಲ. ಕ್ರಯಪತ್ರದಲ್ಲಿ ನಿಮ್ಮ ಪ್ಯಾನ್ ನಮೂದಾಗಿದ್ದರೆ ಅದಕ್ಕಿಂತ ಗಟ್ಟಿಯಾದ ಕೊಂಡಿ ಸಿಗುವುದು ಕಷ್ಟ.

ಗೆಜೆಟ್ ಬಗ್ಗೆ ಒಂದು ಮಾತು. ಅದರಲ್ಲಿ ಪ್ರಕಟವಾಯಿತೆಂದರೆ ಸರ್ಕಾರವೇ ನಿಮ್ಮ ಗುರುತನ್ನು ಪರಿಶೀಲಿಸಿ ಒಪ್ಪಿತು ಎಂದು ಅನೇಕರು ಭಾವಿಸುತ್ತಾರೆ. ಭಾರತ ರಾಜಪತ್ರದಲ್ಲಿ ಖಾಸಗಿ ವ್ಯಕ್ತಿಗಳ ಪ್ರಕಟಣೆಗಳು ಬರುವುದು 4ನೇ ಭಾಗದಲ್ಲಿ. ಅಲ್ಲಿನ ಪ್ರಕಟಣೆಗಳ ಒಕ್ಕಣೆಗೆ ಪ್ರಕಟಿಸಿದವರೇ ಹೊಣೆ. ಹೆಸರು ಬದಲಿಸಿಕೊಂಡ ಸಂಗತಿಯನ್ನು ನೀವು ಬಹಿರಂಗವಾಗಿ ಸಾರಿದ್ದೀರಿ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಆದರೆ ಇಂತಿಂಥ ಕ್ರಯಪತ್ರದಲ್ಲಿರುವವರು ನೀವೇ ಎಂದು ಅದು ಹೇಳುವುದಿಲ್ಲ. ಆ ಮಾತನ್ನು ಬೇರೆಯಾಗಿ ಒಂದು ಅಫಿಡವಿಟ್‌ನಲ್ಲಿ, ಕ್ರಯಪತ್ರದ ನೋಂದಣಿ ಸಂಖ್ಯೆ, ದಿನಾಂಕ, ನಿವೇಶನದ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಸಹಿತ ನೀವು ಹೇಳಬೇಕು.

ಇವೆಲ್ಲ ಕೈಯಲ್ಲಿದ್ದರೆ ಖಾತೆಯಲ್ಲಿ ಹೆಸರು ತಿದ್ದುಪಡಿಗೆ ನಗರಸಭೆಗೆ ಅರ್ಜಿ ಕೊಡಿ. ಇದು ಖಾತೆ ವರ್ಗಾವಣೆಯಲ್ಲ, ಹೆಸರು ತಿದ್ದುಪಡಿ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ವರ್ಗಾವಣೆ ಎಂದು ದಾಖಲಾದರೆ ‘ಯಾರು ಯಾರಿಗೆ ಮಾರಿದ್ದು, ಆ ಪತ್ರ ಕೊಡಿ’ ಎಂಬ ಸುತ್ತು ಶುರುವಾಗುತ್ತದೆ. ಇ-ಖಾತೆ ಇರುವ ಕಡೆ ಖಾತೆಯಲ್ಲಿನ ಹೆಸರನ್ನು ಆಧಾರ್‌ನಲ್ಲಿನ ಹೆಸರಿನೊಡನೆ ತಾಳೆ ನೋಡುವುದರಿಂದ, ಮಾರಾಟದ ದಿನ ನಿಗದಿಯಾಗುವ ಮುಂಚೆಯೇ ಈ ಕೆಲಸ ಮುಗಿದಿರಲಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ. ಸಕಾಲದ (ಸರ್ಕಾರಿ ಸೇವೆಗಳಿಗೆ ಗಡುವು ಗೊತ್ತುಮಾಡುವ ವ್ಯವಸ್ಥೆ) ವ್ಯಾಪ್ತಿಗೆ ಬರುವ ಸೇವೆಯಾಗಿದ್ದರೆ ಅದರ ಸಂಖ್ಯೆಯನ್ನೂ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಡಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳುವ ಅವಕಾಶವಿದೆ. ಆ ಹಣ ಯಾವ ಲೆಕ್ಕಕ್ಕೂ ಸಾಲದು. ಆದರೆ ಕಡತಕ್ಕೆ ಒಂದು ಸಂಖ್ಯೆಯೂ ಗಡುವೂ ಇದೆ ಎನ್ನುವುದು ಮೇಜಿನ ಮೇಲೆ ಕುಳಿತ ಕಾಗದವನ್ನು ಕದಲಿಸುತ್ತದೆ.

ಮಾರಾಟದ ಕ್ರಯಪತ್ರದಲ್ಲಿ ನಿಮ್ಮ ವಿವರ ಬರುವ ಕಡೆ ಬರೀ ಹೊಸ ಹೆಸರು ಬರೆದು ಬಿಡಬೇಡಿ. ಹೀಗೆ ಬರೆಸಿ: ‘ಈ ಹಿಂದೆ (ಹಳೆಯ ಹೆಸರು) ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದು, (ದಿನಾಂಕ)ದ ಗೆಜೆಟ್ ಪ್ರಕಟಣೆಯ ಮೂಲಕ (ಹೊಸ ಹೆಸರು) ಎಂದು ಹೆಸರು ಬದಲಿಸಿಕೊಂಡಿರುವ, ಹಾಗೂ (ದಿನಾಂಕ)ದಂದು ನೋಂದಣಿಯಾದ (ಸಂಖ್ಯೆ)ನೇ ಕ್ರಯಪತ್ರದಲ್ಲಿ ಖರೀದಿದಾರರೆಂದು ನಮೂದಾಗಿರುವ ಅದೇ ವ್ಯಕ್ತಿಯಾದ…’ ಈ ನಾಲ್ಕು ಸಾಲು ಸೇರಿದರೆ ಎರಡು ಹೆಸರುಗಳ ನಡುವಿನ ಕೊಂಡಿಯು ನೋಂದಣಿಯಾದ ದಾಖಲೆಯೊಳಗೇ ಬಂದು ಕೂರುತ್ತದೆ. ಕೊಳ್ಳುವವರಿಗೆ ಬೇಕಾದದ್ದು ವಾಸ್ತವವಾಗಿ ಇದೇ. ಜೊತೆಗೆ ಋಣಭಾರ ಪತ್ರವನ್ನು ಹುಡುಕಿಸುವಾಗ ಎರಡೂ ಹೆಸರುಗಳಲ್ಲಿ ಹುಡುಕಿಸಿ ಕೊಡಿ. ಮಾರಾಟದ ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಕೊಳ್ಳುವವರು ನಿಮ್ಮ ಪ್ಯಾನ್ ಲೆಕ್ಕಕ್ಕೆ ಶೇ 1ರಷ್ಟು ತೆರಿಗೆ ಕಡಿತ ಮಾಡಿ ಕಟ್ಟಬೇಕಾಗುತ್ತದೆ. ಆಗ ಕ್ರಯಪತ್ರದಲ್ಲಿನ ಹೆಸರೂ ಪ್ಯಾನ್‌ನಲ್ಲಿನ ಹೆಸರೂ ಅಕ್ಷರಶಃ ಒಂದೇ ಆಗಿರುವುದು ಇಬ್ಬರಿಗೂ ಕ್ಷೇಮ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳುತ್ತೇನೆ. ಮದುವೆಯಾದ ಮಹಿಳೆ ಹೆಸರು ಬದಲಿಸಿಕೊಳ್ಳಲೇಬೇಕು ಎಂಬ ಕಾನೂನು ನಮ್ಮಲ್ಲಿ ಇಲ್ಲ. ಬದಲಿಸಿಕೊಂಡದ್ದರಿಂದ ಆಸ್ತಿಯಲ್ಲಿ ಪತಿಗೆ ಪಾಲು ಹುಟ್ಟುವುದೂ ಇಲ್ಲ. ಹೊಸ ಹೆಸರಿನಲ್ಲಿ ಪತಿಯ ಹೆಸರು ಸೇರಿದೆ ಎಂಬ ಒಂದೇ ಕಾರಣಕ್ಕೆ ಅವರ ಸಹಿಯೂ ಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ, ಕಾನೂನಿನ ಯಾವ ಕಲಮಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ.

ಪ್ರಶ್ನೆ: ನನ್ನ ತಾಯಿಯ ಹೆಸರಿನಲ್ಲಿ 2 ಎಕರೆ ಜಮೀನಿದೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಊರಿನಲ್ಲಿ ಕರೆಯುವ ಹೆಸರೇ ಪಹಣಿಗೆ ಬಂದಿದೆ, ಅದೂ ‘ಕೋಂ’ (ಇಂಥವರ ಪತ್ನಿ) ಎಂದು ತಂದೆಯ ಹೆಸರಿನ ಅರ್ಧ ಭಾಗದೊಡನೆ. ಪಹಣಿಗೆ ಆಧಾರ್ ಜೋಡಿಸಲು ಹೋದಾಗ ಹೆಸರು ಹೊಂದುವುದಿಲ್ಲ ಎಂದರು. ಗೆಜೆಟ್ ಮಾಡಿಸಿ ಎಂದು ಒಬ್ಬರು, ಆಧಾರ್‌ನಲ್ಲೇ ಹೆಸರು ಬದಲಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ಎರಡೂ ಬೇಡ. ನಿಮ್ಮ ತಾಯಿ ಹೆಸರು ಬದಲಿಸಿಕೊಂಡೇ ಇಲ್ಲವಾದ್ದರಿಂದ ಗೆಜೆಟ್‌ಗೆ ಇಲ್ಲಿ ಕೆಲಸವಿಲ್ಲ. ಹೆಸರು ಬದಲಾಗದಿದ್ದವರು ಬದಲಿಸಿಕೊಂಡೆ ಎಂದು ಪ್ರಮಾಣ ಮಾಡುವುದು ಇನ್ನೊಂದು ಸುಳ್ಳಿಗೆ ದಾರಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಅವಕಾಶವಿದೆ. ಅದನ್ನು ಪಹಣಿಯ ತಪ್ಪಿಗಾಗಿ ಖರ್ಚು ಮಾಡಿದರೆ ಪಡಿತರ ಚೀಟಿ, ಪಿಂಚಣಿ, ಬ್ಯಾಂಕ್ ಖಾತೆ ಎಲ್ಲವೂ ಒಂದೊಂದಾಗಿ ಹೊಂದಾಣಿಕೆ ತಪ್ಪುತ್ತವೆ. ತಿದ್ದಬೇಕಾದದ್ದು ಪಹಣಿಯನ್ನು.

ಅದಕ್ಕೆ ಮೊದಲು ತಪ್ಪು ಯಾವ ಕಾಲದ್ದು ಎಂದು ತಿಳಿಯಬೇಕು. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಇರುತ್ತದೆ, 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂಬುದು, ಸಾಮಾನ್ಯವಾಗಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಎಂದರೆ ಹಕ್ಕು ಬದಲಾವಣೆಯ ಪುಸ್ತಕ) ಸಂಖ್ಯೆಯೊಡನೆ. ಆ ಸಂಖ್ಯೆಯನ್ನು ಹಿಡಿದು ಮ್ಯುಟೇಷನ್ ರಿಜಿಸ್ಟರಿನ ದೃಢೀಕೃತ ನಕಲನ್ನೂ, ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಯನ್ನೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ಅಕ್ಕಪಕ್ಕ ಇಟ್ಟು ನೋಡಿ. ಕೈಬರಹದಲ್ಲಿ ಸರಿಯಾಗಿದ್ದು ಗಣಕಕ್ಕೆ ಏರಿಸುವಾಗ ಕೆಟ್ಟಿದ್ದರೆ ಅದು ಬರಹದ ದೋಷ. ಹಳೆಯ ಪುಟವೇ ಸಾಕ್ಷಿ, ತಹಶೀಲ್ದಾರರ ಹಂತದಲ್ಲಿ ಮುಗಿಯುವ ಕೆಲಸ. ಒಂದು ಕಡತ ನನಗೆ ನೆನಪಿದೆ: ಕೈಬರಹದ ಪಹಣಿಯಲ್ಲಿ ‘ಚಿಕ್ಕತಾಯಮ್ಮ’ ಎಂದು ಮಡಿಕೆಯ ಮೇಲೆ ಬರೆದಿತ್ತು. ಕಾಗದ ಹರಿದು ‘ಮ್ಮ’ ಮಾಸಿಹೋಗಿತ್ತು, ಗಣಕದಲ್ಲಿ ‘ಚಿಕ್ಕತಾಯ’ ಎಂದು ಬಂದಿತ್ತು. ಮೂರು ಅರ್ಜಿಗಳಿಗೆ ಜಗ್ಗದ ಆ ಹೆಸರು, ಮೂಲ ಪುಟವನ್ನು ತರಿಸಿ ಬೆಳಕಿಗೆ ಹಿಡಿದು ತೋರಿಸಿದ ದಿನ ಸರಿಯಾಯಿತು.

ಆದರೆ ನಿಮ್ಮ ಪತ್ರ ಓದಿದರೆ ಮೊದಲಿನಿಂದಲೂ ಕರೆಯುವ ಹೆಸರೇ ದಾಖಲಾಗಿರುವಂತಿದೆ. ಹಾಗಿದ್ದರೆ ಇದು ಅಕ್ಷರದ ತಪ್ಪಲ್ಲ, ಎರಡು ಹೆಸರಿನ ಪ್ರಶ್ನೆ. ಇಂಥಲ್ಲಿ ನಮ್ಮ ಕಂದಾಯ ದಾಖಲೆಗಳಿಗೆ ಹಿಂದಿನಿಂದ ಪರಿಚಿತವಾದ ಒಂದು ಪದವಿದೆ: ‘ಉರುಫ್’, ಎಂದರೆ ‘ಎಂಬ ಇನ್ನೊಂದು ಹೆಸರುಳ್ಳ’. ಹಳೆಯ ಹೆಸರನ್ನು ಅಳಿಸುವ ಬದಲು ‘(ಆಧಾರ್‌ನಲ್ಲಿರುವ ಹೆಸರು) ಉರುಫ್ (ಪಹಣಿಯಲ್ಲಿರುವ ಹೆಸರು) ಕೋಂ (ತಂದೆಯವರ ಪೂರ್ಣ ಹೆಸರು)’ ಎಂದು ನಮೂದಿಸಿಕೊಡಿ ಎಂದು ಕೇಳುವುದನ್ನೇ ನಾನು ಸಲಹೆ ಮಾಡುತ್ತೇನೆ. ಹಳೆಯ ಹೆಸರಿನಲ್ಲಿರುವ ಎಂ.ಆರ್., ಕಂದಾಯ ರಸೀದಿ, ಸೊಸೈಟಿ ಸಾಲದ ಕಾಗದ ಎಲ್ಲವೂ ಆಗ ಬಳಕೆಯಲ್ಲೇ ಉಳಿಯುತ್ತವೆ.

ಅರ್ಜಿಯನ್ನು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಗೆ ಕೊಡಬೇಕು. ಜೊತೆಗೆ ತಾಯಿಯವರ ಅಫಿಡವಿಟ್, ಆಧಾರ್, ಪಡಿತರ ಚೀಟಿ, ಎರಡೂ ಹೆಸರು ಒಟ್ಟಿಗೆ ಕಾಣುವ ಯಾವುದಾದರೂ ಹಳೆಯ ಕಾಗದ ಇರಲಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ವಿಚಾರಣೆ ಮಾಡಿ, ಅಕ್ಕಪಕ್ಕದ ಜಮೀನಿನವರ ಹೇಳಿಕೆ ಪಡೆದು ಮಹಜರು ಬರೆದರೆ ಅದು ಗಟ್ಟಿ ದಾಖಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಕಲಮಿನಡಿ ಮ್ಯುಟೇಷನ್ ರಿಜಿಸ್ಟರಿನಲ್ಲಿ ನಮೂದು ಮಾಡಿದಾಗ ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಿ, ಹಿತಾಸಕ್ತಿಯುಳ್ಳವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಯಾರಾದರೂ ತಕರಾರು ಎತ್ತಿದರೆ ಅದು ವಿವಾದದ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಜಮೀನಿನಲ್ಲಿ ಅಣ್ಣತಮ್ಮಂದಿರ ಅಥವಾ ದಾಯಾದಿಗಳ ಮುನಿಸು ಇದ್ದರೆ, ಹೆಸರು ತಿದ್ದುಪಡಿಯ ಸಣ್ಣ ಅರ್ಜಿಯೇ ಹಕ್ಕಿನ ಜಗಳಕ್ಕೆ ನೆಪವಾಗುತ್ತದೆ. ಮೊದಲೇ ಅವರೊಡನೆ ಮಾತಾಡಿ, ಆಕ್ಷೇಪಣೆ ಇಲ್ಲವೆಂದು ಬರೆಸಿಕೊಳ್ಳುವುದು ಜಾಣತನ.

ತಹಶೀಲ್ದಾರರು ನಿರಾಕರಿಸಿದರೆ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ 60 ದಿನಗಳೊಳಗೆ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿಯವರಲ್ಲಿ ಪುನರೀಕ್ಷಣೆ. ಅಲ್ಲಿಯೂ ಆಗದಿದ್ದರೆ 135ನೇ ಕಲಮಿನ ಉಪಬಂಧದ ಪ್ರಕಾರ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡಬಹುದು. ಡಿಕ್ರಿಗೆ ಅನುಗುಣವಾಗಿ ದಾಖಲೆ ತಿದ್ದಲೇಬೇಕಾಗುತ್ತದೆ. ನಿಮ್ಮ ಸಂಗತಿ ಅಷ್ಟು ದೂರ ಹೋಗಬೇಕಾಗಿಲ್ಲ.

ಪ್ರಶ್ನೆ: ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಜಮೀನೇ ಕೈತಪ್ಪುತ್ತದೆಯೇ?

ಉತ್ತರ: ಇಲ್ಲ. ಪಹಣಿಯ ನಮೂದು ವಿರುದ್ಧವಾದದ್ದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು ಎಂದು ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ, ಅಷ್ಟೆ. ಮ್ಯುಟೇಷನ್ ನಮೂದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕಳೆಯುವುದೂ ಇಲ್ಲ, ಕಂದಾಯ ಯಾರು ಕಟ್ಟಬೇಕು ಎಂಬುದಕ್ಕಷ್ಟೇ ಅದು ಎಂದು ಸುಪ್ರೀಂ ಕೋರ್ಟ್ 1997ರ ಬಲವಂತ ಸಿಂಗ್ ವಿರುದ್ಧ ದೌಲತ್ ಸಿಂಗ್ ಪ್ರಕರಣವೂ ಸೇರಿ ಹಲವು ತೀರ್ಪುಗಳಲ್ಲಿ ಹೇಳಿದೆ. ಆದರೆ ಇದನ್ನು ಓದಿ ನೆಮ್ಮದಿಯಿಂದ ಕೈಕಟ್ಟಿ ಕೂರಬೇಡಿ. ಬೆಳೆ ಸಾಲ, ಬೆಳೆ ವಿಮೆ, ಭೂಸ್ವಾಧೀನದ ಪರಿಹಾರ ಇವೆಲ್ಲ ಮೊದಲು ನೋಡುವುದು ಪಹಣಿಯನ್ನೇ ಹೊರತು ಸುಪ್ರೀಂ ಕೋರ್ಟ್ ತೀರ್ಪನ್ನಲ್ಲ.

ಪ್ರಶ್ನೆ: ನನ್ನ ಹೆಸರನ್ನು ಕ್ರಯಪತ್ರದಲ್ಲೇ ತಪ್ಪಾಗಿ ಬರೆದಿದ್ದಾರೆ, ತಂದೆಯ ಹೆಸರೂ ಬೇರೆಯಾಗಿದೆ. 9 ವರ್ಷವಾದ ಮೇಲೆ ಸಾಲಕ್ಕೆಂದು ಹೋದಾಗ ಗೊತ್ತಾಯಿತು. ಮಾರಿದವರು ತೀರಿಕೊಂಡಿದ್ದಾರೆ. ಮೊದಲ ಪ್ರಶ್ನೆಯಂಥವರಿಗೆ ನೀವು ಸಾಮಾನ್ಯವಾಗಿ ಹೇಳುವಂತೆ ಅಫಿಡವಿಟ್ ಸಾಕೇ?

ಉತ್ತರ: ಸಾಲದು. ಹೆಸರು ಬದಲಿಸಿಕೊಂಡವರ ಕ್ರಯಪತ್ರ ಸರಿಯಾಗಿರುತ್ತದೆ, ಕಾಲ ಮುಂದೆ ಹೋಗಿರುತ್ತದೆ. ನಿಮ್ಮ ಕ್ರಯಪತ್ರ ಬರೆದ ದಿನವೇ ತಪ್ಪಾಗಿತ್ತು. ಇದಕ್ಕೆ ಮದ್ದು ತಿದ್ದುಪಡಿ ಪತ್ರ. ಅದೂ ನೋಂದಣಿಯಾಗಬೇಕು, ಮೂಲ ಪತ್ರದ ಎರಡೂ ಕಡೆಯವರು ಸಹಿ ಮಾಡಬೇಕು. ಮಾರಿದವರು ಇಲ್ಲವಾದ್ದರಿಂದ ಅವರ ಎಲ್ಲ ವಾರಸುದಾರರು, ಮರಣ ಪತ್ರ ಮತ್ತು ವಂಶವೃಕ್ಷದ ಆಧಾರದ ಮೇಲೆ, ಅವರ ಸ್ಥಾನದಲ್ಲಿ ಸಹಿ ಹಾಕಬೇಕಾಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ, ಅವರೂ ವಾರಸುದಾರರೇ. ಆಸ್ತಿಯ ವಿಸ್ತೀರ್ಣ, ಚಕ್ಕುಬಂದಿ, ಬೆಲೆ ಯಾವುದನ್ನೂ ಈ ಪತ್ರದಲ್ಲಿ ಮುಟ್ಟಬಾರದು. ಹೆಸರಿನ ತಪ್ಪು ಯಾವುದು, ಸರಿ ಯಾವುದು ಎಂಬುದಷ್ಟೇ ಇರಬೇಕು. ಇಲ್ಲದಿದ್ದರೆ ಅದು ತಿದ್ದುಪಡಿಯಾಗಿ ಉಳಿಯದೆ ಹೊಸ ವರ್ಗಾವಣೆಯಾಗಿ ಪೂರ್ತಿ ಮುದ್ರಾಂಕ ಶುಲ್ಕಕ್ಕೆ ಗುರಿಯಾಗಬಹುದು.

ವಾರಸುದಾರರು ಸಹಿಗೆ ಹಣ ಕೇಳುತ್ತಾರೆ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವರು ಒಪ್ಪಲೇ ಇಲ್ಲವೆಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಇದೆ. ಎರಡೂ ಕಡೆಯವರ ತಪ್ಪು ಗ್ರಹಿಕೆಯಿಂದ ಪತ್ರವು ನಿಜವಾದ ಉದ್ದೇಶವನ್ನು ಹೇಳದೆ ಹೋಗಿದ್ದರೆ ಅದನ್ನು ತಿದ್ದಿಸಿಕೊಡುವಂತೆ ನ್ಯಾಯಾಲಯವನ್ನು ಕೇಳಬಹುದು. ತಪ್ಪು ಗೊತ್ತಾದ ಮೇಲೆ ಕಾಲಮಿತಿಯ ಲೆಕ್ಕ ಓಡತೊಡಗುತ್ತದೆ, 3 ವರ್ಷ. ಅದನ್ನು ವಾರಸುದಾರರ ಮನೆಗೆ ಅಲೆಯುವುದರಲ್ಲೇ ಕಳೆಯಬೇಡಿ.

ಪ್ರಶ್ನೆ: ಹೆಸರು ಬದಲಾವಣೆಯ ಘೋಷಣಾ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದೇನೆ. ಆದರೆ ಋಣಭಾರ ಪತ್ರದಲ್ಲಿ ಅದು ಬರುತ್ತಿಲ್ಲ. ನೋಂದಣಿ ಆಗಿಲ್ಲವೇ?

ಉತ್ತರ: ಆಗಿದೆ, ಬೇರೆ ಪುಸ್ತಕದಲ್ಲಿ ಆಗಿರಬೇಕು. 1908ರ ನೋಂದಣಿ ಕಾಯ್ದೆಯ 51ನೇ ಕಲಮಿನ ಪ್ರಕಾರ ಸ್ಥಿರಾಸ್ತಿಗೆ ಸಂಬಂಧಪಟ್ಟ ಪತ್ರಗಳು 1ನೇ ಪುಸ್ತಕಕ್ಕೂ, ಸ್ಥಿರಾಸ್ತಿಗೆ ಸಂಬಂಧಪಡದ ಇತರ ಪತ್ರಗಳು 4ನೇ ಪುಸ್ತಕಕ್ಕೂ ಹೋಗುತ್ತವೆ. ಋಣಭಾರ ಪತ್ರ ತಯಾರಾಗುವುದು 1ನೇ ಪುಸ್ತಕದಿಂದ. ನಿಮ್ಮ ಘೋಷಣೆಯಲ್ಲಿ ಹಳೆಯ ಹೆಸರು, ಹೊಸ ಹೆಸರು, ವಿಳಾಸ ಮಾತ್ರವಿದ್ದು ಆಸ್ತಿಯ ಮಾತೇ ಇಲ್ಲದಿದ್ದರೆ ಅದು 4ನೇ ಪುಸ್ತಕದಲ್ಲಿ ಸೇರಿರುತ್ತದೆ. ಆ ಪುಸ್ತಕದ ನಕಲನ್ನು ಪತ್ರ ಬರೆದುಕೊಟ್ಟವರು, ಅದರಡಿ ಹಕ್ಕು ಹೇಳುವವರು ಮತ್ತು ಅವರ ಪ್ರತಿನಿಧಿಗಳಿಗಷ್ಟೇ ಕೊಡುವುದರಿಂದ, ಕೊಳ್ಳಲು ಬಂದ ಅಪರಿಚಿತರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ನೀವು ಸ್ವತಃ ತೋರಿಸಬೇಕು.

ಋಣಭಾರ ಪತ್ರದಲ್ಲೇ ಕಾಣಬೇಕು ಎಂಬ ಆಸೆಯಿದ್ದರೆ, ಘೋಷಣೆಯಲ್ಲಿ ಕ್ರಯಪತ್ರದ ಉಲ್ಲೇಖವನ್ನೂ ಆಸ್ತಿಯ ಷೆಡ್ಯೂಲನ್ನೂ ಸೇರಿಸಿ, ಆ ಆಸ್ತಿಯ ಬಗ್ಗೆಯೇ ಮಾಡಿದ ಘೋಷಣೆ ಎಂಬುದು ಸ್ಪಷ್ಟವಾಗುವಂತೆ ಬರೆಸಿ, ಆಸ್ತಿ ಇರುವ ವ್ಯಾಪ್ತಿಯ ಕಚೇರಿಯಲ್ಲಿ 1ನೇ ಪುಸ್ತಕಕ್ಕೆ ಸೇರಿಸುವಂತೆ ಕೋರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಆಸ್ತಿ ಇದ್ದು ಸದ್ಯದಲ್ಲೇ ಮಾರುವ ಯೋಚನೆ ಇರುವವರಿಗೆ ಇಷ್ಟೆಲ್ಲ ಬೇಕಿಲ್ಲ. ಮಾರಾಟದ ಪತ್ರದಲ್ಲಿನ ಒಕ್ಕಣೆಯೇ ಸಾಕು. ಹಲವು ಆಸ್ತಿಗಳಿದ್ದು ಅವು ಮಕ್ಕಳ ಕೈಗೆ ಹೋಗಬೇಕಾಗಿರುವವರು ಮಾಡಿಸಿಟ್ಟರೆ ಒಳ್ಳೆಯದು, ಏಕೆಂದರೆ ಆಗ ವಿವರಿಸಲು ಅವರು ಇರುವುದಿಲ್ಲ.

ಪ್ರಶ್ನೆ: ಸಂಖ್ಯಾಶಾಸ್ತ್ರದವರ ಮಾತಿನಂತೆ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಿಸಿಕೊಂಡಿದ್ದೇನೆ. ಕನ್ನಡದಲ್ಲಿ ಹೆಸರು ಮೊದಲಿನಂತೆಯೇ ಇದೆ. ಇ-ಸ್ವತ್ತು ಖಾತೆಯನ್ನು ಬದಲಿಸಬೇಕೇ?

ಉತ್ತರ: ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತು ನಮೂನೆಗಳು ಕನ್ನಡದಲ್ಲಿರುತ್ತವೆ. ಅಲ್ಲಿ ನಿಮ್ಮ ಹೆಸರು ಬದಲಾಗಿಯೇ ಇಲ್ಲ. ಮುಂದೆ ಇಂಗ್ಲಿಷಿನಲ್ಲಿ ಯಾವ ಪತ್ರಕ್ಕೆ ಸಹಿ ಮಾಡಿದರೂ ಪ್ಯಾನ್‌ನಲ್ಲಿರುವ ಕಾಗುಣಿತವನ್ನೇ ಬಳಸಿ. ಅದೃಷ್ಟದ ವಿಚಾರ ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ತಂದೆ ತೀರಿಕೊಂಡು ವರ್ಷವಾಯಿತು. ಅವರು ಎಳೆವಯಸ್ಸಿನಲ್ಲಿ ಹೆಸರು ಬದಲಿಸಿಕೊಂಡಿದ್ದರು ಎಂದು ಕೇಳಿದ್ದೇವೆ, ಕಾಗದ ಯಾವುದೂ ಇಲ್ಲ. ಪಹಣಿ ಹಳೆಯ ಹೆಸರಿನಲ್ಲಿ, ಮರಣ ಪತ್ರ ಹೊಸ ಹೆಸರಿನಲ್ಲಿದೆ. ಪೌತಿ ಖಾತೆಗೆ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಹೋದರೆ ‘ಇವರು ಬೇರೆ, ಅವರು ಬೇರೆ’ ಎನ್ನುತ್ತಾರೆ.

ಉತ್ತರ: ತಂದೆಯವರ ಹೆಸರನ್ನು ಪಹಣಿಯಲ್ಲಿ ಈಗ ಬದಲಿಸಿ, ಆಮೇಲೆ ಪೌತಿ ಮಾಡಿಸುವ ಎರಡು ಸುತ್ತಿನ ದಾರಿ ಬೇಡ; ತೀರಿಹೋದವರ ಪರವಾಗಿ ಹೆಸರು ಬದಲಾವಣೆಗೆ ಅರ್ಜಿ ಹಾಕಲು ಯಾರಿಗೂ ಬರುವುದಿಲ್ಲ. ನೀವು ಸಾಬೀತು ಮಾಡಬೇಕಾದದ್ದು ಎರಡೂ ಹೆಸರು ಒಬ್ಬರದೇ ಎಂಬುದನ್ನು ಮಾತ್ರ. ಸುಲಭದ ದಾರಿ ಮರಣ ಪತ್ರದಿಂದ ಶುರುವಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ನಮೂದುಗಳ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಅಲ್ಲಿ ‘ಉರುಫ್’ ಸೇರಿಸುವಂತೆ ದಾಖಲೆ ಸಹಿತ ಕೇಳಿ. ನಂತರ ವಂಶವೃಕ್ಷದ ಅರ್ಜಿಯಲ್ಲೂ ಎರಡೂ ಹೆಸರನ್ನು ಕಾಣಿಸಿ. ಮರಣ ಪತ್ರದಲ್ಲಿ ಸಿಕ್ಕಿದರೆ ಮಿಕ್ಕದ್ದು ಅದರ ಹಿಂದೆಯೇ ಬರುತ್ತದೆ.

ದಾಖಲೆ ಎಲ್ಲಿಂದ ತರುವುದು ಎಂಬುದು ನಿಮ್ಮ ನಿಜವಾದ ಕಷ್ಟ. ತಂದೆಯವರು ಓದಿದ ಶಾಲೆಯ ದಾಖಲಾತಿ ಪುಸ್ತಕದ ನಕಲು, ಹಳೆಯ ಮತದಾರರ ಪಟ್ಟಿ, ಸಹಕಾರ ಸಂಘದ ಸದಸ್ಯತ್ವ ಪುಸ್ತಕ, ನಿಮ್ಮ ಮತ್ತು ನಿಮ್ಮ ಅಕ್ಕತಂಗಿಯರ ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಹೇಗಿದೆ ಎಂಬುದು, ಅವರು ಸಹಿ ಹಾಕಿದ ವಿಭಾಗಪತ್ರವೋ ಭೋಗ್ಯಪತ್ರವೋ ಇದ್ದರೆ ಅದು. ದೊಡ್ಡ ಮಗಳ ಟಿ.ಸಿ.ಯಲ್ಲಿ ಹಳೆಯ ಹೆಸರು, ಕಿರಿಯ ಮಗನದರಲ್ಲಿ ಹೊಸ ಹೆಸರು ಇರುವುದನ್ನು ನಾನು ಎಷ್ಟೋ ಕುಟುಂಬಗಳಲ್ಲಿ ಕಂಡಿದ್ದೇನೆ. ಇಬ್ಬರ ತಾಯಿಯ ಹೆಸರೂ ಒಂದೇ ಆಗಿದ್ದರೆ ಅದೊಂದೇ ಜೋಡಿ ಕಾಗದ ಹತ್ತು ಅಫಿಡವಿಟ್‌ಗೆ ಸಮ. ಹಳೆಯ ಕಾಗದಗಳಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇದ್ದರೆ ಅದನ್ನೂ ಜೋಪಾನವಾಗಿಡಿ. ಮುಂದೆ ಯಾರಾದರೂ ತಕರಾರು ತೆಗೆದರೆ ನ್ಯಾಯಾಲಯದಲ್ಲಿ ತಜ್ಞರಿಂದ ತಾಳೆ ನೋಡಿಸಲು ಬರುತ್ತದೆ. ಎಲ್ಲ ವಾರಸುದಾರರೂ ಒಮ್ಮತದಿಂದ ಒಂದೇ ಹೇಳಿಕೆ ಕೊಡುವುದು ಮುಖ್ಯ. ಒಬ್ಬರು ಮುಖ ತಿರುಗಿಸಿದರೂ ತಹಶೀಲ್ದಾರರು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎನ್ನುತ್ತಾರೆ, ಹಾಗೆ ಹೇಳುವುದರಲ್ಲಿ ಅವರದೇನೂ ತಪ್ಪಿಲ್ಲ.

ಪ್ರಶ್ನೆ: ಮನೆ ಸಾಲ ಇನ್ನೂ 6 ವರ್ಷ ಬಾಕಿ ಇದೆ, ಮೂಲ ಪತ್ರಗಳು ಬ್ಯಾಂಕಿನಲ್ಲಿವೆ. ಈಗಲೇ ಹೆಸರು ಬದಲಿಸಿಕೊಂಡರೆ ತೊಂದರೆಯೇ?

ಉತ್ತರ: ತೊಂದರೆಯಿಲ್ಲ, ಆದರೆ ಬ್ಯಾಂಕಿಗೆ ತಿಳಿಸದೆ ಖಾತೆಗೆ ಕೈಹಾಕಬೇಡಿ. ಅಡಮಾನದ ದಾಖಲೆ ಹಳೆಯ ಹೆಸರಿನಲ್ಲಿ, ಖಾತೆ ಹೊಸ ಹೆಸರಿನಲ್ಲಿ ಇದ್ದರೆ ಅವರ ತಪಾಸಣೆಯಲ್ಲಿ ಆಸ್ತಿ ಪರಭಾರೆಯಾದಂತೆ ಕಂಡೀತು. ಗೆಜೆಟ್ ಪ್ರತಿಯೊಡನೆ ಶಾಖೆಗೆ ಪತ್ರ ಕೊಟ್ಟು, ಸಾಲದ ಖಾತೆಯಲ್ಲಿ ಹೆಸರು ಬದಲಾದದ್ದಕ್ಕೆ ಲಿಖಿತ ದೃಢೀಕರಣ ಪಡೆದು, ಆಮೇಲೆ ಪಾಲಿಕೆ ಅಥವಾ ಪಂಚಾಯಿತಿಗೆ ಹೋಗಿ. ಸಾಲ ತೀರಿದ ದಿನ ಬ್ಯಾಂಕ್ ಕೊಡುವ ಋಣಮುಕ್ತಿ ಪತ್ರದಲ್ಲಿ ಎರಡೂ ಹೆಸರು ಇರುವಂತೆ ನೋಡಿಕೊಳ್ಳಿ, ಮೂಲ ಪತ್ರಗಳನ್ನು ಅಲ್ಲೇ ಪುಟ ಎಣಿಸಿ ತೆಗೆದುಕೊಳ್ಳಿ.